ಹಿಲ್ಕಾ ಅಜ್ಜಿಯ ಬೂಟಿನ ಬಗ್ಗೆ ಟೌನೋ ಕೋರ್ಪೆಲಾ ನೀಡಿದ ಹೇಳಿಕೆ

ನನ್ನ ಹೆಸರು ಟೌನೋ ಕೋರ್ಪೆಲಾ, ವಯಸ್ಸು 54 ವರ್ಷ, ಬಂದರಿನಲ್ಲಿ ಕ್ರೇನ್ ಚಾಲಕನ ಕೆಲಸ, ವಾಸ ಹಡಗುಕಟ್ಟೆ ರಸ್ತೆ, ರಾಹೆ ಪಟ್ಟಣ, ಫಿನ್‌ಲ್ಯಾಂಡ್. ಈ ಮೂಲಕ ತಿಳಿಸುವುದೇನೆಂದರೆ, ನಾನು ಬೂಟು ಕದ್ದಿರುವುದಿಲ್ಲ. ಹಾಕಿಕೊಂಡು ಓಡಿದ್ದು ಮಾತ್ರ ನಿಜ. ನಿಧಾನವಾಗಿ ಹೇಳಿ ಎಂದು ಕಾನ್‌ಸ್ಟೇಬಲ್ ಔತಿ ಮೇಡಂ ಆಗಲೇ ಎರಡು ಸಲ ಹೇಳಿದ್ದಾರೆ. ಪ್ರಯತ್ನ ಪಡುತ್ತೇನೆ. ಆದರೆ ಇವತ್ತು ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಅದಕ್ಕೆ ಕಾರಣ ಕುಡಿತವಲ್ಲ.

ನನಗೆ ಸಾರಾ ಎಂಬ ಒಬ್ಬಳೇ ಮಗಳಿದ್ದು, ಅವಳಿಗೆ ಜನವರಿಯಲ್ಲಿ ಹೆಣ್ಣು ಮಗು ಆಗಿರುತ್ತದೆ. ನಮ್ಮಲ್ಲಿ ಮಗುವಿಗೆ ಇಡುವ ಹೆಸರನ್ನು ನಾಮಕರಣದ ದಿನದವರೆಗೆ ತಂದೆತಾಯಿ ಯಾರಿಗೂ ಬಿಟ್ಟುಕೊಡುವುದಿಲ್ಲ, ಅಜ್ಜನಿಗೂ ಇಲ್ಲ. ಆ ನಾಮಕರಣ ಬರುವ ಭಾನುವಾರ. ಹೋದ ವಾರ ಸಾರಾ ಫೋನ್ ಮಾಡಿ, ಅಪ್ಪಾ, ಕುಡ್ದು ಬರೋದಾದ್ರೆ ದಯವಿಟ್ಟು ಬರ್ಲೇಬೇಡ, ಕುಡೀದೆ ಬಂದ್ರೆ ಹೆಸರು ಹೇಳೋವಾಗ ಮಗೂನ ನೀನೇ ಎತ್ಕೊಂಡಿರ್ಬೇಕು, ಕುಡಿತ ಬಿಡೋಕೆ ಒಬ್ನ ಕೈಲಿ ಆಗಲ್ಲ ಅಂದ್ರೆ ಯಾರ್ನಾದ್ರೂ ಸಹಾಯ ಕೇಳು ಅಂತ ಹೇಳಿದಳು. ಅಂದಿನಿಂದ ನಾನು ಮುಟ್ಟಿಲ್ಲ. ಕೈ ಮಾತ್ರ ನಡುಗುತ್ತಲೇ ಇತ್ತು. ಈ ಕೈಯಲ್ಲಿ ಕೂಸನ್ನು ಹೇಗೆ ಎತ್ತಿಕೊಳ್ಳುವುದು ಎಂಬ ಭಯ ಹಗಲೂ ರಾತ್ರಿ ಕೊರೆಯುತ್ತಿತ್ತು.

ಈ ದಿನ ಗುರುವಾರ ಸಂಜೆ ಗ್ರಂಥಾಲಯದ ಗೋಡೆಯ ಮೇಲೆ, ಕುಡಿತ ಬಿಡಬೇಕೆನ್ನುವವರ ಕೂಟ, ಚರ್ಚಿನ ಸಭಾಭವನ, ಆರು ಗಂಟೆ ಎಂಬ ಚೀಟಿ ಕಂಡಿತು. ಯಾವ ಕೋಣೆ ಎಂದು ಬರೆದಿರಲಿಲ್ಲ. ಆರಕ್ಕೆ ಸರಿಯಾಗಿ ಅಲ್ಲಿಗೆ ಹೋದೆ. ಬಾಗಿಲ ಬಳಿ ಬೂಟುಗಳು ಸಾಲಾಗಿದ್ದವು, ಕಾಫಿ ವಾಸನೆ ಬರುತ್ತಿತ್ತು. ಇದೇ ಜಾಗ ಎಂದುಕೊಂಡು ನಾನೂ ಬೂಟು ಬಿಚ್ಚಿಟ್ಟು ಒಳಗೆ ಹೋಗಿ ಕೂತೆ.

ಒಳಗೆ ಏಳೆಂಟು ಜನ ವಯಸ್ಸಾದ ಹೆಂಗಸರು ಉಣ್ಣೆ ಹೆಣೆಯುತ್ತಿದ್ದರು. ನೀನ್ಯಾರು, ಯಾಕೆ ಬಂದೆ ಎಂದು ಒಬ್ಬರೂ ಕೇಳಲಿಲ್ಲ. ಹಾಗೆಲ್ಲ ಕೇಳುವುದು ನಮ್ಮ ಕಡೆ ಮರ್ಯಾದೆಯಲ್ಲ. ಕಾಫಿ ಕೊಟ್ಟರು, ಏಲಕ್ಕಿ ಬನ್ನು ಕೊಟ್ಟರು. ಹಿಲ್ಕಾ ಎಂಬ ಅಜ್ಜಿ ಬಂದು ನನ್ನ ಎರಡೂ ಕೈಗೆ ನೂಲಿನ ಲಡಿ ಹಾಕಿ, ಅಲ್ಲಾಡದೆ ಹಿಡಿದುಕೋ ಎಂದು ಹೇಳಿ ಉಂಡೆ ಸುತ್ತತೊಡಗಿದರು. ಕೈ ನಡುಕಕ್ಕೆ ಇಲ್ಲಿ ಕೊಡುವ ಚಿಕಿತ್ಸೆಯೇ ಇದು ಎಂದು ನಾನು ಭಾವಿಸಿದೆ. ನಡುಕ ನಿಂತೂ ನಿಂತಿತು! ಇದನ್ನು ದಯವಿಟ್ಟು ಬರೆದುಕೊಳ್ಳಿ.

ಸುಮಾರು ಇಪ್ಪತ್ತು ನಿಮಿಷವಾದರೂ ಯಾರೂ ತಮ್ಮ ಕುಡಿತದ ಮಾತೆತ್ತಲಿಲ್ಲ. ಯಾರಾದರೊಬ್ಬರು ಶುರು ಮಾಡಬೇಕಲ್ಲ ಎಂದು ನೂಲಿನ ಸಮೇತ ಎದ್ದು ನಿಂತು, ನಾನು ಟೌನೋ, ನಾನೊಬ್ಬ ಕುಡುಕ ಎಂದು ಜೋರಾಗಿ ಹೇಳಿದೆ. ಸೂಜಿಗಳೆಲ್ಲ ನಿಂತವು. ಹಿಲ್ಕಾ ಅಜ್ಜಿ, ಒಳ್ಳೇದಾಯ್ತು ಕಣಪ್ಪ ಹೇಳಿದ್ದು, ಆದ್ರೆ ಆ ಕೂಟ ಕೆಳಗಡೆ ನೆಲಮಾಳಿಗೇಲಿ, ನಾವು ಆಸ್ಪತ್ರೆ ಕೂಸುಗಳಿಗೆ ಕಾಲುಚೀಲ ಹೆಣೆಯೋರು ಅಂದರು.

ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಿಕ್ಕಿದ ಬೂಟಿಗೆ ಕಾಲು ತೂರಿಸಿ ಓಡಿದೆ. ಓಡಿದ್ದು ಮನೆ ಕಡೆಗಲ್ಲ, ಬಂದರಿನ ಬಾರಿನ ಕಡೆಗೆ. ಸುಳ್ಳು ಹೇಳುವುದಿಲ್ಲ.

ನೂರು ಮೀಟರ್ ಹೋಗುವಷ್ಟರಲ್ಲಿ ಹಿಂದಿನಿಂದ, ನಿಲ್ಲೋ ಲೇ, ನನ್ನ ಬೂಟು ಎಂಬ ಕೂಗು ಕೇಳಿತು. ತಿರುಗಿ ನೋಡಿದರೆ ಸದರಿ ಅಜ್ಜಿ ಬರೀ ಕಾಲುಚೀಲದಲ್ಲಿ ಹಿಮದ ಮೇಲೆ ಓಡಿ ಬರುತ್ತಿದ್ದರು. ನನ್ನ ತೋಳಿಗೆ ಸಿಕ್ಕಿಕೊಂಡಿದ್ದ ನೂಲಿನ ಇನ್ನೊಂದು ತುದಿ ಅವರ ಕೈಯಲ್ಲೇ ಇತ್ತು. ಬಸ್ ನಿಲ್ದಾಣದಲ್ಲಿದ್ದ ಯಾರೋ ಇದನ್ನು ಕಂಡು ಠಾಣೆಗೆ ಫೋನ್ ಮಾಡಿರುತ್ತಾರೆ. ಅವರ ತಪ್ಪೇನಿಲ್ಲ, ನಾನಾಗಿದ್ದರೂ ಮಾಡುತ್ತಿದ್ದೆ.

ನಾನು ಬೂಟು ಬಿಚ್ಚಲು ಬಗ್ಗಿದೆ. ಅಜ್ಜಿ ಬೇಡವೆಂದು ತಡೆದರು. ಅವು ತೀರಿಕೊಂಡ ಅವರ ಯಜಮಾನರ ಬೂಟುಗಳಂತೆ, ಈಗ ಅವರೇ ಹಾಕಿಕೊಳ್ಳುತ್ತಾರಂತೆ. ಎಷ್ಟು ಗುರುವಾರ ಅವ್ರ ಕೈ ಹಿಡ್ಕೊಂಡು ಆ ನೆಲಮಾಳಿಗೆ ಮೆಟ್ಟಿಲ ತನಕ ಕರ್ಕೊಂಡು ಬಂದಿದ್ದೆ ಮಾರಾಯ, ಒಂದಿನಾನೂ ಇಳೀಲಿಲ್ಲ, ಕುಡ್ದು ಕುಡ್ದೇ ಹೋದ್ರು, ಈ ಬೂಟಾದ್ರೂ ಇವತ್ತು ಇಳೀಲಿ, ನಡಿ ಅಂದರು. ನಿಮ್ಮ ಕಾಲು ಒದ್ದೆಯಾಯಿತಲ್ಲ ಎಂದೆ. ಕಾಲುಚೀಲ ಹೆಣೆಯೋಳಿಗೆ ಕಾಲುಚೀಲಕ್ಕೆ ಬರಾನೇನೋ ಎಂದು ಗದರಿ, ನನ್ನ ಮೊಣಕೈ ಹಿಡಿದು ಹಿಂದಿನ ಬಾಗಿಲಿನವರೆಗೆ ಬಂದರು. ನಾನು ಕೊನೆಯ ಮೆಟ್ಟಿಲು ಇಳಿಯುವವರೆಗೆ ಮೇಲೆಯೇ ನಿಂತಿದ್ದರು. ಅವರು ಅಳುತ್ತಿದ್ದರು. ನಾನೂ ಅಳುತ್ತಿದ್ದೆ.

ಬಾಗಿಲು ತೆರೆದವರು ರೇಯೋ ಎಂಬುವವರು. ತಡ ಆದ್ರೇನು, ಬಾರಯ್ಯ, ಕಾಫಿ ಬಿಸಿ ಇದೆ ಅಂದರು. ಒಳಗಿದ್ದವರಲ್ಲಿ ಇಬ್ಬರನ್ನು ನಾನು ದಿನಾ ನೋಡುತ್ತಿದ್ದೆ. ಅವರ ಪೂರ್ತಿ ಹೆಸರನ್ನು ಎಷ್ಟು ಕೇಳಿದರೂ ಹೇಳುವುದಿಲ್ಲ, ಅದು ಅಲ್ಲಿಯ ಕಟ್ಟಳೆ. ಅವರಲ್ಲೊಬ್ಬರು ಸೌನಾ ಸ್ನಾನದ ಮನೆಯ ಸೌದೆ ರಾಶಿಯಲ್ಲಿ ಬಾಟಲಿ ಬಚ್ಚಿಡುತ್ತಿದ್ದ ಕಥೆ ಹೇಳಿದರು. ಮೇಡಂ, ಪ್ರಪಂಚದಲ್ಲಿ ಆ ಬುದ್ಧಿ ನನಗೊಬ್ಬನಿಗೇ ಹೊಳೆದದ್ದು ಎಂದುಕೊಂಡಿದ್ದೆ! ನಾನೂ ಅಲ್ಲೇ ಎಂದೆ. ಎಲ್ಲರೂ ನಕ್ಕರು. ಯಾರೂ ನನ್ನನ್ನು ನೋಡಿ ನಗಲಿಲ್ಲ, ನನ್ನ ಜೊತೆ ನಕ್ಕರು.

ಅಷ್ಟರಲ್ಲಿ ತಾವು ಬಾಗಿಲು ಬಡಿದಿರುತ್ತೀರಿ. ತಾವು ಕೊಟ್ಟ ಯಂತ್ರಕ್ಕೆ ನಾನು ಊದಿದ್ದು, ಅದರಲ್ಲಿ ಸೊನ್ನೆ ಬಂದಿರುತ್ತದೆ. ಇನ್ನೊಂದು ಸಲ ಊದಲೇ ಎಂದು ನಾನೇ ಕೇಳಿದ್ದೂ ನಿಜ.

ಹಿಲ್ಕಾ ಅಜ್ಜಿಯವರು ಯಾವ ದೂರೂ ಇಲ್ಲವೆಂದು ತಮ್ಮ ಎದುರೇ ಹೇಳಿದ್ದಾರೆ. ನಾನು ಬರುವ ಗುರುವಾರ ಆ ಬೂಟುಗಳನ್ನೇ ಹಾಕಿಕೊಂಡು ಬಂದು ಮೆಟ್ಟಿಲ ಬಳಿ ಅವರಿಗೆ ಒಪ್ಪಿಸತಕ್ಕದ್ದೆಂದು ನಮ್ಮಿಬ್ಬರಲ್ಲಿ ಮಾತಾಗಿದೆ.

ನಾನು ಹೇಳಿದ್ದನ್ನೇ ಬರೆದುಕೊಂಡಿದ್ದಾರೆ, ಓದಿ ಹೇಳಿದ್ದನ್ನು ಕೇಳಿದ್ದೇನೆ, ಎಲ್ಲವೂ ಸತ್ಯ. ಕುಟುಂಬದವರ ಹೆಸರು ಎಂಬಲ್ಲಿ ಮಗಳ ಹೆಸರು ಬರೆಸಿದ್ದೇನೆ. ಮೊಮ್ಮಗಳ ಹೆಸರಿನ ಜಾಗ ಖಾಲಿ ಬಿಡಿ. ಸೋಮವಾರ ಬೆಳಿಗ್ಗೆ ನಾನೇ ಬಂದು ಬರೆಸುತ್ತೇನೆ.

ಸ್ಥಳ: ರಾಹೆ
ದಿನಾಂಕ: ಮಾರ್ಚ್ 13, ಗುರುವಾರ
ಸಹಿ: ಟೌನೋ ಕೋರ್ಪೆಲಾ