ಕರು ಕಡಿದ ಕತೆ ಹೇಳಿ ಸಿಕ್ಕಾಕೊಂಡಿದ್ದು

...ಕರು ಕಡಿಸಿದ ಅಂತ ಬಾಯ್ಬಿಟ್ಟು ಹೇಳ್ಬಿಟ್ಟೆ ಕಣ್ರೋ! ಅದೂ ಮಲ್ಲಿಪಟ್ಟಣದ ಕಡೆ ಒಕ್ಕಲು ಮಕ್ಕಳ ಮುಂದೆ! ನನ್ನ ಮೊದಲನೇ ಕೆಲಸ ಅದು, ಚರ್ಚಿನವರ ಸಣ್ಣ ಸ್ಕೂಲಲ್ಲಿ ಟೀಚರು. ನಮ್ಮಪ್ಪ ತೀರ್ಕೊಂಡು ಆರು ತಿಂಗಳಾಗಿತ್ತು, ಹಾಸನದ ಮನೇಲಿ ಅಮ್ಮ, ಇಬ್ಬರು ತಂಗೀರು, ನನ್ನ ಸಂಬಳ ಬಂದ್ರೇನೇ ಒಲೆ ಉರೀಬೇಕು. ಶನಿವಾರ ನೀತಿಪಾಠ. ಬೈಬಲಲ್ಲಿ ಬರುತ್ತಲ್ಲ, ಪಾಲು ತಗೊಂಡು ಮನೆ ಬಿಟ್ಟು, ಎಲ್ಲಾ ಕಳ್ಕೊಂಡು ವಾಪಸ್ ಬಂದ ಕಿರಿ ಮಗ, ಆ ಕತೆ. 'ಅಪ್ಪಂಗೆ ಎಷ್ಟು ಖುಷಿ ಅಂದ್ರೆ, ಕೊಬ್ಬಿದ ಕರು ಕಡಿಸಿ ಊಟ ಹಾಕ್ಸಿದ!' ಅಂತ ಕೈಯೆಲ್ಲಾ ಆಡಿಸ್ಕೊಂಡು ಹೇಳ್ತಿದೀನಿ! ಪುಟ್ಟಿ ಅಂತ ಒಂದು ಹುಡುಗಿ ಗೊಳೋ ಅಂತು, ಅದರ ಹಿಂದೆ ಎಲ್ಲವೂ ಗೊಳೋ.

ಸೋಮವಾರ, ಅಲ್ಲಲ್ಲ, ಸೋಮವಾರ ರಜಾ ಇತ್ತು, ಮಂಗಳವಾರ ನೋಡಿದ್ರೆ ಅರ್ಧ ಬೆಂಚು ಖಾಲಿ! ಫಾದರ್ರು, 'ಮಕ್ಕಳು ಬರದಿದ್ರೆ ಸ್ಕೂಲೇ ಮುಚ್ಚಬೇಕಾಗುತ್ತಮ್ಮ' ಅಂದ್ರು. ಅಷ್ಟೊತ್ತಿಗೆ ಪುಟ್ಟಿ ತಾತ ನಂಜೇಗೌಡ್ರು ಬಂದ್ರು. 'ಏನವ್ವಾ ಟೀಚರಮ್ಮ, ಇಂಥ ಕತೆ ಯೋಳ್ತಾರಾ? ಹಿರೀಕ್ರಿಗೆ ಎಡೆ ಇಡಾಕೆ ಈ ಸಲ ನನ್ ತಮ್ಮ ಬತ್ತಾವ್ನಂತೆ. ಮನೆ ಬುಟ್ಟೋದೋನು ಬತ್ತಾನಲ್ಲ, ನಮ್ ಕರ ಕಡೀತೀರಾ ಅಂತ ಪುಟ್ಟಿ ಕರಾನ ತಬ್ಕಂಡು ಕೊಟ್ಟಿಗೇಲೇ ಕುಂತದೆ, ಉಣ್ಣಾಕೂ ಬರಾಕಿಲ್ಲ ಅಂತದೆ!' ಅಳುವೇ ಬಂತು ನಂಗೆ. 'ತಪ್ಪಾಯ್ತು ಗೌಡ್ರೇ, ನಿಮ್ಮಲ್ಲಿ ಹೋದ ಮಗ ಬಂದ್ರೆ ಅಪ್ಪ ಏನ್ ಮಾಡ್ತಾರೆ ಹೇಳಿ, ಹಂಗೇ ಹೇಳ್ತೀನಿ' ಅಂದೆ. ಆ ಮನುಷ್ಯ ಜಗಲಿ ಮೇಲೆ ಕೂತ್ಬಿಟ್ರು. 'ನಮ್ಮನೇ ಕತೇನೇ ಊರ್ಗೆಲ್ಲ ಗೊತ್ತಲ್ಲವ್ವಾ. ನನ್ ತಮ್ಮ ಪಾಲು ಇಸ್ಕಂಡೋಗಿ ಇಸ್ಪೀಟಲ್ಲಿ ಕಳ್ದು ಬಂದ. ಉಳ್ತಿದ್ದ ನಮ್ಮಪ್ಪ ಏರು ಅಂಗೇ ಬುಟ್ಟು ಅವ್ನ ತಾವ ಓಡೋದ. ಒಬ್ಬಟ್ಟು ಮಾಡ್ಸ್ದ. ದುಡ್ದು ಸತ್ತೋನು ನಾನು, ಒಬ್ಬಟ್ಟು ಅವ್ನಿಗಾ ಅಂತ ಉರ್ಕಂಡು ಬಣವೆ ತಾವ ಕುಂತ್ಕಂಡೆ. ಅಪ್ಪ ಅಲ್ಲಿಗೂ ಬಂದ, ಬಾರ್ಲಾ ಮಗ ಅಂತ. ತಮ್ಮ ಆಮ್ಯಾಕೆ ಚನ್ನರಾಯಪಟ್ಣ ಸೇರ್ಕಂಡ. ನಾನು ಇವತ್ಗೂ ಮಾತಾಡ್ಸಿಲ್ಲ.'

'ಅದೇ ಗೌಡ್ರೇ! ಅದೇ ಕತೆ!' ಅಂತ ಕುಣಿದ್ಬಿಟ್ಟೆ ಕಣ್ರೋ! ಬೈಬಲಲ್ಲೂ ದೊಡ್ಡ ಮಗ ಸಿಟ್ಟು ಮಾಡ್ಕೊಂಡು ಆಚೆ ನಿಂತಿರ್ತಾನೆ, ಅಪ್ಪ ಎದ್ದು ಬರ್ತಾನೆ. ಹುಟ್ಟಿದಾಗಿಂದ ಚರ್ಚಲ್ಲಿ ಕೇಳಿದೀನಿ, ಆ ಅಪ್ಪ ಎರಡು ಸಲ ಮನೆಯಿಂದಾಚೆ ಬಂದ ಅನ್ನೋದು ನನ್ನ ತಲೆಗೇ ಹೋಗಿರ್ಲಿಲ್ಲ! ಮಾರನೇ ದಿನ ಗೌಡ್ರನ್ನೇ ಕ್ಲಾಸಿಗೆ ಕರ್ದೆ, ಮಕ್ಕಳೂ ಅವರ ಹಿಂದೆ ಬಂದ್ವು. ಅವರು ಹೇಳಿ ಮುಗಿಸಿದ ಕೂಡಲೇ ಪುಟ್ಟಿ, 'ತಾತ, ಆಮ್ಯಾಕೆ ನೀನು ಒಳೀಕ್ ಓದ್ಯಾ?' ಅಂತು. ಗೌಡ್ರು ಪುಟ್ಟೀನ ಹತ್ರ ಕರ್ಕೊಂಡ್ರು. 'ಇಲ್ಲ ಕಣವ್ವಾ. ಓಗ್ನಿಲ್ಲ. ನಮ್ಮಪ್ಪನೂ ಅವತ್ತು ಉಣ್ನಿಲ್ಲ' ಅಂದ್ರು. ಬೈಬಲಲ್ಲೂ ಅಲ್ಲಿಗೇ ನಿಂತೋಗುತ್ತೆ, ಗೊತ್ತಾ, ದೊಡ್ಡ ಮಗ ಒಳಗೆ ಹೋದ್ನಾ ಇಲ್ವಾ ಬರೆದೇ ಇಲ್ಲ.

ಎಡೆ ಇಡೋ ದಿನ ನನ್ನೂ ಊಟಕ್ಕೆ ಕರೆದಿದ್ರು. ತಮ್ಮ ಬಂದು ಬೀದೀಲೇ ನಿಂತಿದಾನೆ, ಒಳಗೆ ಬರೋಕೆ ಅಂಜಿಕೆ. ಗೌಡ್ರು ಹೊಸಲು ದಾಟಿ ಹೋಗಿ ಕೈ ಹಿಡ್ಕೊಂಡ್ರು ನೋಡಿ! 'ಬಾರ್ಲಾ, ಅಪ್ಪ ಕಾಯ್ತಾವ್ನೆ' ಅಂದ್ರು. ತೀರಿಹೋದ ಅಪ್ಪನಿಗೆ ಎಡೆ ಇಟ್ಟ ಎಲೆ ಮುಂದೆ ಇಬ್ಬರೂ ಅತ್ರು, ನಾನೂ ಅತ್ತೆ, ಕರು ಕೊಟ್ಟಿಗೇಲಿ ಆರಾಮಾಗಿ ಹುಲ್ಲು ತಿಂತಿತ್ತು. ಆ ಸ್ಕೂಲಲ್ಲೇ ನಾನು ರಿಟೈರ್ ಆಗಿದ್ದು. ಅದಕ್ಕೇ ಹೇಳೋದು, ಕತೆ ಹೇಳೋ ಮುಂಚೆ ಕೇಳೋರ ಕೊಟ್ಟಿಗೇಲಿ ಏನು ಕಟ್ಟಿದಾರೆ ನೋಡ್ಕೋಬೇಕು, ಸಿಟ್ಟಲ್ಲಿ ಆಚೆ ಕೂತೋರ್ಗೂ ಒಂದು ಎಲೆ ಹಾಕ್ಬೇಕು. ಏಳ್ರೋ, ನಿಮ್ಮಣ್ಣ ಮುಖ ಊದಿಸ್ಕೊಂಡು ಗೇಟ್ ಹತ್ರ ಕೂತಿದಾನೆ, ಹೋಗಿ ಊಟಕ್ಕೆ ಕರೀರಿ.