ಅಜ್ಜಿಯ ಹೊದಿಕೆಯನ್ನು ನಾವು ಮಾರಿಲ್ಲವೆಂಬ ಬಗ್ಗೆ

ನಾನು ತೊಮಾಸಾ ಚೋಕೆ, ಗಂಡ ದಿವಂಗತ ಎವಾರಿಸ್ತೊ, ವಯಸ್ಸು ೫೮, ಕಸುಬು ಲಾಮಾ ಸಾಕಣೆ, ವಾಸ ಹಾಂಕೊಪಾಂಪ ಗ್ರಾಮ, ಪೊಟೊಸಿ ಪ್ರಾಂತ್ಯ, ಬೊಲಿವಿಯಾ, ಇಂದು ಠಾಣೆಗೆ ಖುದ್ದಾಗಿ ಬಂದು ತಿಳಿಸುವುದೇನೆಂದರೆ:

ನಮ್ಮ ಊರನ್ನು ಕಟ್ಟಿದ, ನಮ್ಮೆಲ್ಲರ ಮೂಲ ಅಜ್ಜಿಯ ಉಣ್ಣೆಯ ಹೊದಿಕೆ ಸಭಾಮನೆಯ ಪೆಟ್ಟಿಗೆಯಲ್ಲಿರುತ್ತಿತ್ತು. ಆ ಹೊದಿಕೆಯನ್ನೇ ನಾವು ಅಜ್ಜಿ ಎನ್ನುತ್ತೇವೆ. ವರ್ಷಕ್ಕೊಮ್ಮೆ ಹೊರಗೆ ತೆಗೆದು, ಅದರ ಮುಂದೆ ಕಾಣಿಕೆಯಾಗಿ ಕೋಕಾ ಎಲೆಯಿಟ್ಟು, ಮಳೆ ಬೆಳೆ ಕೇಳಿಕೊಳ್ಳುತ್ತಿದ್ದೆವು. ೨೦೦೮ರಲ್ಲಿ ಅದನ್ನು ಬೀಗ ಒಡೆದು ಕದ್ದರು. ಇದೇ ಠಾಣೆಯಲ್ಲಿ ದೂರು ಕೊಟ್ಟಿದ್ದೇವೆ. ಕಳೆದ ವರ್ಷ ಅದು ಕೆನಡಾದ ಒಬ್ಬ ವ್ಯಾಪಾರಿಯ ಬಳಿ ಸಿಕ್ಕಿತೆಂದೂ, ನಮ್ಮ ಸರ್ಕಾರದ ಕೋರಿಕೆಯ ಮೇಲೆ ಅಲ್ಲಿನ ಪೊಲೀಸರು ಜಪ್ತಿ ಮಾಡಿದರೆಂದೂ, ಊರಿನವರೇ ಒಪ್ಪಿ ಮಾರಿದ್ದೆಂದು ವ್ಯಾಪಾರಿ ಕೋರ್ಟಿನಲ್ಲಿ ವಾದಿಸುತ್ತಿದ್ದಾನೆಂದೂ ತಾವೇ ನಮಗೆ ತಿಳಿಸಿದ್ದೀರಿ.

ಮೊನ್ನೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಊರ ಸಭೆಗೆ ಆ ವ್ಯಾಪಾರಿಯ ಕಡೆಯವರಾದ ರೊಲಾಂದೊ ಇಬಾರ್ರಾ ಎಂಬವರು ಬಂದರು. ನಾವೇ ಮಾರಿದ್ದೆಂದು ಬರೆದ ಕಾಗದಕ್ಕೆ ಊರಿನವರು ಸಹಿ ಹಾಕಿದರೆ ಹೊಸ ಆಂಬುಲೆನ್ಸ್ ಕೊಡಿಸುವುದಾಗಿ ಹೇಳಿದರು. ಆಸ್ಪತ್ರೆ ನಮಗೆ ನಲವತ್ತು ಕಿಲೋಮೀಟರ್. ಹೋದ ವರ್ಷ ನನ್ನ ಸೊಸೆ ಕ್ಲಾರಿಸಾ ಹೆರಿಗೆ ನೋವಿನಲ್ಲಿ, ಆಲೂಗಡ್ಡೆ ಲಾರಿಯ ಮೇಲೆ, ದಾರಿಯಲ್ಲೇ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಅವಳ ತಲೆ ನನ್ನ ತೊಡೆಯ ಮೇಲಿತ್ತು.

ಊರ ಮುಖ್ಯಸ್ಥನೂ ನನ್ನ ಮೈದುನನೂ ಆದ ಫೌಸ್ತಿನೊ ನನ್ನ ಕಡೆ ತಿರುಗಿ, "ಅತ್ತಿಗೆ, ನೀವೇ ಹೇಳಿ. ನೀವು ಹೂಂ ಅಂದ್ರೆ ಇಲ್ಲಿ ಯಾರೂ ಬಾಯಿ ತೆಗೆಯಲ್ಲ" ಎಂದ. ಬೇಡವೆನ್ನಲು ನಾಲಿಗೆ ಏಳಲಿಲ್ಲ.

ಅಷ್ಟರಲ್ಲಿ ಇಬಾರ್ರಾ ಅವರು ನಗುತ್ತಾ, "ಒಂದು ಹಳೇ ಕಂಬಳಿಗೆ ಇಷ್ಟೊಂದು ಯೋಚ್ನೆ ಯಾಕಮ್ಮಾ?" ಎಂದರು.

ನಾನು ಎದ್ದು ನಿಂತು, "ಹಳೇ ಕಂಬಳೀನ ಅಷ್ಟು ದೂರ ಯಾಕಪ್ಪಾ ಹೊತ್ಕೊಂಡು ಹೋದ್ರಿ? ಗಾಡಿ ನನಗೆ ಬೇಕಾಗಿರೋ ಅಷ್ಟು ಇಲ್ಲಿ ಇನ್ಯಾರಿಗೂ ಬೇಕಾಗಿಲ್ಲ. ಆದ್ರೆ ಅಜ್ಜೀನ ಮಾರಿದ್ವಿ ಅಂತ ಸುಳ್ಳು ಬರ್ಕೊಟ್ಟು ಆ ಗಾಡಿ ಹತ್ತಿದ್ರೆ, ಅದ್ರಲ್ಲಿ ಹುಟ್ಟೋ ಮಗುಗೆ ಯಾರ ಮನೆ ಮಗು ಅಂತ ಹೇಳೋದು?" ಎಂದೆನು.

ಫೌಸ್ತಿನೊ ಸಭೆಯನ್ನು ಕೇಳಿದ. ಸಹಿಗೆ ಒಂದು ಕೈಯೂ ಏಳಲಿಲ್ಲ. ಕಾಗದವನ್ನು ಹಾಗೆಯೇ ಹಿಂದಕ್ಕೆ ಕೊಟ್ಟ.

ಹೊರಟ ಇಬಾರ್ರಾ ಅವರ ಜೀಪು ಹಳ್ಳದ ಕೆಸರಿನಲ್ಲಿ ಹೂತುಕೊಂಡಿತು. ನಮ್ಮವರೇ ತಳ್ಳಿದರು. "ನಿಮ್ಮ ಆಂಬುಲೆನ್ಸೂ ಇಲ್ಲೇ ಹೂತ್ಕೋತಿತ್ತಲ್ಲ ಸಾಹೇಬ್ರೆ" ಎಂದು ಫೌಸ್ತಿನೊ ಹೇಳಿದ.

ಈ ಹೇಳಿಕೆಯನ್ನು ಕೆನಡಾದ ಪೊಲೀಸರಿಗೆ ಕಳಿಸಿಕೊಡಬೇಕು. ನಾನು ಈ ಪ್ರಾಂತ್ಯ ದಾಟಿದವಳಲ್ಲ. ಆ ಕೋರ್ಟು ಕರೆದರೆ ಹೋಗುತ್ತೇನೆ. ಸೊಸೆಯ ವಿಷಯ ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ, ಬಿಡೋಣವೆಂದು ತಾವು ಹೇಳಿದಿರಿ. ಅದನ್ನು ತೆಗೆಯುವುದಾದರೆ ನಾನು ಸಹಿ ಹಾಕುವುದಿಲ್ಲ.

ಓದಿ ಹೇಳಿದ್ದನ್ನು ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಏನೂ ಬಿಟ್ಟಿಲ್ಲ.

ಸ್ಥಳ: ವಿಲ್ಯಾ ಆಲ್ತಾ ಠಾಣೆ
ದಿನಾಂಕ: ೧೨-೦೨-೨೦೧೯
(ಸಹಿ) ತೊಮಾಸಾ ಚೋಕೆ