ರಾಕ್ಷಸಿಗೆ ದನಿ ಬಂದ ಬಗೆ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತಿರುವ ಸಹೃದಯ ಸಭಿಕರೇ,

ಈ ಗೊಂಬೆ ಸಿನಿಮಾದ ಬಗ್ಗೆ ನಾಲ್ಕು ಮಾತಾಡಲು ನನ್ನನ್ನು ಕರೆದಿದ್ದೀರಿ. ಕನ್ನಡಕದ ಅಂಗಡಿಯವಳಿಗೆ ಸಿನಿಮಾ ಏನು ಗೊತ್ತು ಎಂದು ನೀವು ಕೇಳಬಹುದು. ನಿರ್ದೇಶಕರು ನನ್ನ ಗಂಡ. ಅವರ ರಾಕ್ಷಸಿ ನಮ್ಮ ಊಟದ ಮೇಜಿನ ಮೇಲೆ ಮಲಗಿದ್ದಷ್ಟು ಕಾಲವೂ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡಿದ್ದೇವೆ. ಇದಕ್ಕಿಂತ ಅರ್ಹತೆ ಬೇಕೇ?

ಸಿನಿಮಾ ನೋಡದವರಿಗೆ ಕಥೆ ಹೇಳಿಬಿಡುತ್ತೇನೆ. ಆಕಾಶದ ಗುಹೆಯಲ್ಲಿ ಒಬ್ಬ ರಾಕ್ಷಸಿ ನದಿಯನ್ನು ಕೂಡಿಹಾಕಿದ್ದಾಳೆ. ಅದನ್ನು ಬಿಡಿಸಿ ತರಲು ಕುಂಬಾರನ ಮಗಳು ಹೊರಡುತ್ತಾಳೆ. ನದಿಯೆಂದರೆ ನೀಲಿ ರೇಷ್ಮೆ, ಮೋಡವೆಂದರೆ ಹಳೆಯ ಹಾಸಿಗೆಯ ಹತ್ತಿ. ಎಲ್ಲರೂ ಗೊಂಬೆಗಳೇ, ಮನುಷ್ಯರ ಸುಳಿವೇ ಇಲ್ಲ. ರಾಕ್ಷಸಿಯ ಕಣ್ಣು ನಮ್ಮ ಅಂಗಡಿಯ ಗಾಜು. ಅದಕ್ಕೆ ರೆಪ್ಪೆಯಿಲ್ಲ, ನೀರಿಲ್ಲ. ಆದರೂ ಅವಳು ಅತ್ತಳು ಎನ್ನುತ್ತೀರಲ್ಲ, ಹೇಗೆ? ತಲೆಯನ್ನು ಬೆರಳಗಲ ಬಾಗಿಸಿದರೆ ಬೆಳಕು ಗಾಜಿನ ಅಂಚಿಗೆ ಜಾರುತ್ತದೆ, ಅಷ್ಟೇ. ಉಳಿದದ್ದನ್ನೆಲ್ಲ ಅಳುವವರು ನೀವೇ!

ಇನ್ನು ಅವಳ ದನಿ. ನನ್ನ ಮಾವ ಒಂದು ಸಂಜೆ ತಿರುಗಾಡಲು ಹೋದವರು ದಾರಿಯಲ್ಲೇ ತೀರಿಕೊಂಡರು. ಅಂದಿನಿಂದ ಅತ್ತೆ ಮಾತು ಬಿಟ್ಟರು. ಹೂಂ, ಉಹೂಂ, ಮುಗಿಯಿತು. ಬೇಕೆಂದೇ ಅಡುಗೆಗೆ ಉಪ್ಪು ಸುರಿದೆ. ತುಟಿಪಿಟಕ್ಕೆನ್ನದೆ ಉಂಡು ಎದ್ದರು. ಅತ್ತೆ ಬಯ್ಯುತ್ತಿಲ್ಲವೆಂದು ಅಡುಗೆಮನೆಯಲ್ಲಿ ನಿಂತು ಅತ್ತ ಸೊಸೆ ನಾನೊಬ್ಬಳೇ ಇರಬೇಕು. ಇರಲಿ, ಸಿನಿಮಾ ವಿಷಯಕ್ಕೆ ಬರೋಣ.

ಒಂದು ಮಧ್ಯಾಹ್ನ ರಾಕ್ಷಸಿಯನ್ನು ಮಾವನ ಕುರ್ಚಿಯಲ್ಲಿ ಕೂರಿಸಿ, ಹಿಂದೆ ಕುಕ್ಕರುಗಾಲಲ್ಲಿ ಕುಳಿತು, ಅವಳ ಕತ್ತು ಆಡಿಸುವುದನ್ನು ಕಲಿಯುತ್ತಿದ್ದೆ. ಅತ್ತೆ ಬಂದವರೇ ಗುಡುಗಿದರು:

"ಏಳೇ ಮೇಲೆ! ಯಾರ ಕುರ್ಚಿ ಅಂತ ಗೊತ್ತಾ ನಿಂಗೆ?"

ನಾನು ಬೆಚ್ಚಿ ಹಿಡಿತ ಸಡಿಲಿಸಿದೆ. ರಾಕ್ಷಸಿ ತಲೆ ತಗ್ಗಿಸಿದಳು.

"ತಲೆ ತಗ್ಗಿಸಿಬಿಟ್ರೆ ಆಯ್ತಾ? ಏನು ಕೂದಲೋ ಇದು, ಕಾಗೆ ಗೂಡು!"

ಬಾಚಣಿಗೆ ತಂದು ಸಿಕ್ಕು ಬಿಡಿಸತೊಡಗಿದರು. ಬಾಚುತ್ತಾ ಬಾಚುತ್ತಾ ಮಾವನ ಮೇಲಿದ್ದ ದೂರುಗಳೆಲ್ಲ ಒಂದೊಂದಾಗಿ ಹೊರಬಂದವು. ಗೊರಕೆ, ಹಟ, ಹೇಳದೆ ಕೇಳದೆ ಹೋದದ್ದು. ಕಾಲು ಜೋಮು ಹಿಡಿದರೂ ನಾನು ಮಿಸುಕಲಿಲ್ಲ. ಕೊನೆಗೆ ಅತ್ತೆ ಅಂದರು:

"ಸಾಕು, ಈಚೆ ಬಾರೇ. ಸೊಂಟ ಹಿಡ್ಕೊಂಡೀತು."

ರಾಕ್ಷಸಿಗೆ ಆ ದನಿಯೇ ಬೇಕೆಂದು ನನ್ನವರು ಪಟ್ಟು ಹಿಡಿದರು. ಕೊನೆಯ ದೃಶ್ಯದಲ್ಲಿ ಅವಳು ನದಿಗೆ "ತೊಲಗು" ಎನ್ನಬೇಕಿತ್ತು. ಅತ್ತೆ ಮೈಕನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಮೆಲ್ಲಗೆ, "ಹೋಗು. ಆದ್ರೆ ಹೋಗ್ತೀನಿ ಅಂತ ಒಂದು ಮಾತು ಹೇಳಿ ಹೋಗು" ಎಂದರು. ನನ್ನವರು ದೃಶ್ಯವನ್ನೇ ಬದಲಿಸಿದರು. ಹೊರಟ ನದಿ ತಿರುಗಿ ಬಂದು ರಾಕ್ಷಸಿಯ ಪಾದ ಸುತ್ತಿ ಹೋಗುವುದು ಅದಕ್ಕೇ.

ಮೊದಲ ಪ್ರದರ್ಶನದ ದಿನ, ಆ ದೃಶ್ಯ ಬಂದಾಗ ಪಕ್ಕದ ಸೀಟಿನ ಹೆಂಗಸು ಬಿಕ್ಕತೊಡಗಿದರು. ಅತ್ತೆ ಕರವಸ್ತ್ರ ಕೊಟ್ಟು ಸಮಾಧಾನ ಮಾಡಿದರು: "ಅಳಬೇಡ ಕಣಮ್ಮ, ಅದು ಬರೀ ಮರ, ಬಟ್ಟೆ." ಆಮೇಲೆ ಅವರ ಕಿವಿಯ ಬಳಿ ಬಾಗಿದರು.

"ಮಾತಾಡ್ತಿರೋಳು ಮಾತ್ರ ನಾನು."

ತೆರೆಯ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳದೆ ಗೊಂಬೆ ಆಡಿಸಿದ ಆ ಎಲ್ಲ ಕೈಗಳಿಗೂ, ಇಷ್ಟು ಹೊತ್ತು ನನ್ನ ಮನೆಯ ಕಥೆ ಸಹಿಸಿಕೊಂಡ ನಿಮಗೂ ವಂದನೆಗಳು. ನಮಸ್ಕಾರ.